ಜಗಲಿಯಿಂದ ಒಳಮನೆಗೆ

ರಸ್ತೆ ಅಗೆಯುವವರು ತಾವು ತೋಡಿದ ಗುಂಡಿಯ ಸುತ್ತ ನಿಲ್ಲಿಸಿ ಹೋಗುವ ಕಿತ್ತಳೆ ಬಣ್ಣದ ಶಂಕುವನ್ನು ನೋಡದವರಾರು? ‘ಮುಂದೆ ಅಪಾಯವಿದೆ, ಬಳಸಿಕೊಂಡು ಹೋಗು’ ಎಂಬುದೇ ಅದರ ಭಾಷೆ. ಇಂಥ ಶಂಕುವನ್ನು, ಚಿತ್ರ ತೋರಿಸಿ ಹಾಡು ಕೇಳಿಸುವ ತಂತ್ರಾಂಶವೊಂದು ತನ್ನ ಲಾಂಛನವಾಗಿ ಧರಿಸಿಕೊಂಡಿದೆ ಎಂದರೆ ಯಾರಿಗಾದರೂ ಸೋಜಿಗವಾಗಬೇಕು. ವಿ.ಎಲ್.ಸಿ. ಎಂಬ ಆ ತಂತ್ರಾಂಶ ಇಲ್ಲದ ಕಂಪ್ಯೂಟರು ನಮ್ಮ ಕಾಲೇಜಿನಲ್ಲಿ ಒಂದೂ ಇಲ್ಲ. ಆದರೆ ಆ ಶಂಕು ಅಲ್ಲಿಗೆ ಏಕೆ ಬಂತೆಂದು ಕೇಳಿದವರೂ ಒಬ್ಬರಿಲ್ಲ. ಡಿಸೆಂಬರು ತಿಂಗಳ ಕೊನೆಯ ದಿನಗಳಲ್ಲಿ ಆ ಶಂಕು ತಾನಾಗಿಯೇ ಕ್ರಿಸ್ಮಸ್ ತಾತನ ಕೆಂಪು ಟೊಪ್ಪಿಗೆಯನ್ನೂ ಹಾಕಿಕೊಳ್ಳುತ್ತದೆ. ನಮ್ಮ ಸಹೋದ್ಯೋಗಿಗಳೊಬ್ಬರು ಅದನ್ನು ಕಂಡು, ಯಂತ್ರಕ್ಕೆ ವೈರಸ್ ತಗುಲಿತೆಂದು ಗಾಬರಿಯಾಗಿ ಅಟೆಂಡರನ್ನು ಕರೆದರಂತೆ.

ಶಂಕುವಿನ ಹಿಂದೊಂದು ಕಥೆಯಿದೆ. ಪ್ಯಾರಿಸಿನ ಹೊರವಲಯದಲ್ಲಿ ಎಕೋಲ್ ಸಂತ್ರಾಲ್ ಎಂಬ ಹೆಸರಾಂತ ಇಂಜಿನಿಯರಿಂಗ್ ಶಾಲೆಯಿತ್ತು. ಅಲ್ಲಿಯ ವಿದ್ಯಾರ್ಥಿ ನಿಲಯದ ಹುಡುಗರಿಗೆ ತಮ್ಮ ಆವರಣದ ಕಂಪ್ಯೂಟರು ಜಾಲ ತೀರ ನಿಧಾನವೆಂಬ ಕೊರಗು. ವೇಗದ ಜಾಲ ಅವರಿಗೆ ಬೇಕಾಗಿದ್ದುದು ಮುಖ್ಯವಾಗಿ ಆಟವಾಡಲಿಕ್ಕೆ. ಈ ವಿಷಯದಲ್ಲಿ ಪ್ಯಾರಿಸಿನ ಹುಡುಗರಿಗೂ ನಮ್ಮ ಹುಡುಗರಿಗೂ ಹೆಚ್ಚು ಅಂತರವಿಲ್ಲ. ಆದರೆ ಹಣ ಕೊಡುವವರಿಗೆ ‘ಆಟಕ್ಕೆ ಬೇಕು’ ಎಂದು ಹೇಳಲಾದೀತೆ? ಆಗ ಹೊಳೆದದ್ದು ಈ ಉಪಾಯ. ಉಪಗ್ರಹದಿಂದ ಬರುವ ದೂರದರ್ಶನವನ್ನು ಕೋಣೆಗೊಂದು ಕೊಡೆ ನೆಡದೆ ಒಂದೇ ಕಡೆ ಹಿಡಿದು, ಜಾಲದ ಮೂಲಕ ಎಲ್ಲ ಕೋಣೆಗಳಿಗೂ ಹರಿಸುವುದು. 1996ರಲ್ಲಿ ಹೀಗೆ ಮೊದಲಾದ ಕೆಲಸವನ್ನು 1998ರಲ್ಲಿ ಹೊಸ ವಿದ್ಯಾರ್ಥಿಗಳು ಬುಡದಿಂದ ಮತ್ತೆ ಬರೆದರು. 2001ರ ಫೆಬ್ರವರಿಯಲ್ಲಿ ಶಾಲೆಯ ಒಪ್ಪಿಗೆಯ ಮೇಲೆ ಅದು ಸ್ವತಂತ್ರ ಪರವಾನಗಿಯಡಿ ಲೋಕಕ್ಕೆಲ್ಲ ಮುಕ್ತವಾಯಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಆ ಹುಡುಗರ ಸಂಘದ ಕೋಣೆಯಲ್ಲಿ ಎಲ್ಲಿಂದಲೋ ಹೊತ್ತು ತಂದ ರಸ್ತೆಯ ಶಂಕುಗಳ ರಾಶಿಯೇ ಇತ್ತಂತೆ. ಲಾಂಛನ ಬಂದುದು ಅಲ್ಲಿಂದ. 2025ರ ಜನವರಿಯಲ್ಲಿ, ಆ ತಂತ್ರಾಂಶವನ್ನು ಜನ ಇಳಿಸಿಕೊಂಡ ಲೆಕ್ಕ ಆರುನೂರು ಕೋಟಿ ದಾಟಿತೆಂದು ಅದರ ಕರ್ತೃಗಳು ಸಾರಿದರು. ಹೆಸರಿನ ಕೊನೆಯ ‘ಸಿ’ ಎಂದರೆ ಕ್ಲಯಂಟ್, ಅಂದರೆ ಸ್ವೀಕರಿಸುವವ. ಕೊಡುವವನಿಗೆ ಮೊದಲು ಬೇರೆ ತಂತ್ರಾಂಶವೇ ಇತ್ತು. ಕಾಲಾಂತರದಲ್ಲಿ ಕೊಡುವ ಕೆಲಸವೂ ಇದರೊಳಗೇ ಸೇರಿಹೋಯಿತು. ಹಾಗೆ ಸೇರಿರುವ ಸಂಗತಿ ಇದನ್ನು ದಿನನಿತ್ಯ ಬಳಸುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿರಲಾರದೆಂದು ನನ್ನ ಅಂದಾಜು.

ಕನ್ನಡ ಎಂ.ಎ. ಮಾಡಿ, ಹಳಗನ್ನಡದ ಛಂದಸ್ಸು ಪಾಠ ಹೇಳಿಕೊಂಡಿರುವ ನನಗೆ ಈ ಪುರಾಣವೆಲ್ಲ ಏಕೆ ಬೇಕಾಯಿತು ಎಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಅಪ್ಪಯ್ಯ.

ಅಪ್ಪಯ್ಯ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟರು. ಜೊತೆಗೆ ತಾಳಮದ್ದಲೆಯ ಅರ್ಥಧಾರಿ. ಮಲೆನಾಡಿನ ಕಡೆಯವರಿಗೆ ತಾಳಮದ್ದಲೆಯ ವಿಚಾರ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು: ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದೇ ಇದು. ಭಾಗವತರು ಪದ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ಅರ್ಥಧಾರಿಗಳು ಪಂಚೆ ಶಲ್ಯಗಳಲ್ಲಿ ಕುಳಿತಲ್ಲಿಯೇ ಕೃಷ್ಣನೋ ಕರ್ಣನೋ ಆಗಿ ಆ ಕ್ಷಣಕ್ಕೆ ಹೊಳೆದ ಮಾತನ್ನಾಡುತ್ತಾರೆ. ಬರೆದಿಟ್ಟುಕೊಂಡ ಮಾತು ಅಲ್ಲಿಲ್ಲ. ಆದ್ದರಿಂದ ಅದು ಆಡಿದ ರಾತ್ರಿಗೇ ಮುಗಿದುಹೋಗುತ್ತದೆ. ನಲವತ್ತು ಮಳೆಗಾಲ ಅರ್ಥ ಹೇಳಿದ ಅಪ್ಪಯ್ಯನ ಮಾತಿನಲ್ಲಿ ಇಂದು ಉಳಿದಿರುವುದು ಒಂದೇ ಒಂದು ರಾತ್ರಿಯದು. 2019ರ ಮಳೆಗಾಲದಲ್ಲಿ ನೆರೆಯೂರಿನ ದೇವಸ್ಥಾನದ ಚಂದ್ರಶಾಲೆಯಲ್ಲಿ ಆದ ‘ಕೃಷ್ಣ ಸಂಧಾನ’ವನ್ನು ಅಕ್ಕನ ಮಗ ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ ಹಿಡಿದುಕೊಂಡಿದ್ದ: ಮೂರು ಗಂಟೆ ಹತ್ತು ನಿಮಿಷ. ಅಪ್ಪಯ್ಯನದು ಅದರಲ್ಲಿ ವಿದುರ.

2021ರ ಶ್ರಾವಣದಲ್ಲಿ ಅಪ್ಪಯ್ಯ ತೀರಿಕೊಂಡರು. ಮರುವರ್ಷ ವರ್ಷಾಂತಿಕಕ್ಕೆ ಬಂಧುಗಳೆಲ್ಲ ಸೇರಿದಾಗ, ಕಾರ್ಯವೆಲ್ಲ ಮುಗಿದ ಮರುದಿನದ ಸಂಜೆ ಆ ಸಂಧಾನವನ್ನು ಎಲ್ಲರೂ ಕೂಡಿ ನೋಡುವುದೆಂದು ಚಿಕ್ಕಪ್ಪ ನಿಶ್ಚಯಿಸಿದರು. ನಿಶ್ಚಯಿಸುವುದು ಸುಲಭ, ನಮ್ಮ ಮನೆಯ ರಚನೆ ಅದಕ್ಕೆ ಒದಗಿ ಬರಬೇಕಲ್ಲ! ಹಳೆಯ ಕಾಲದ ಮನೆ. ಮುಂದೆ ಉದ್ದನೆಯ ಜಗಲಿ, ಆಮೇಲೆ ನಡುಮನೆ, ಅದರಾಚೆ ಅಡಿಗೆಮನೆ, ಬಲಕ್ಕೆ ತಿರುಗಿದರೆ ಕತ್ತಲೆಯ ಒಳಕೋಣೆ. ಗೋಡೆಗಳು ಒಂದೂವರೆ ಅಡಿ ದಪ್ಪದ ಮಣ್ಣಿನವು. ನಡುಮನೆಯ ಟೀವಿಯ ಮುಂದೆ ಹದಿನೈದು ಜನ ಹಿಡಿಸಿದರೆ ಹೆಚ್ಚು. ಸೇರಿದವರು ನಲವತ್ತಕ್ಕೆ ಕಡಿಮೆಯಿಲ್ಲ. ಅಂಗಳದಲ್ಲಿ ಪರದೆ ಕಟ್ಟೋಣವೆಂದರೆ ಶ್ರಾವಣದ ಮಳೆ.

ಇನ್ನು ಅಡಿಗೆಮನೆಯ ಮಾತು. ಅಲ್ಲಿ ಅಮ್ಮ, ಚಿಕ್ಕಮ್ಮ, ಇಬ್ಬರು ಅತ್ತೆಯಂದಿರು, ನಲವತ್ತು ಜನರ ರಾತ್ರಿಯೂಟ. ಒಳಕೋಣೆಯಲ್ಲಿ ಅಜ್ಜಿ, ಅಪ್ಪಯ್ಯನ ತಾಯಿ, ತೊಂಬತ್ತರ ಅಂಚು, ಸೊಂಟ ಮುರಿದ ಮೇಲೆ ಮಂಚ ಬಿಟ್ಟಿಳಿದವಳಲ್ಲ, ಕಣ್ಣು ಹೋಗಿಯೂ ಕೆಲವು ವರ್ಷಗಳಾಗಿದ್ದವು. ಮಗನನ್ನು ಕಳೆದುಕೊಂಡವಳಿಗೆ ಆ ದನಿಯನ್ನು ಮತ್ತೆ ಕೇಳಿಸುವುದು ಸರಿಯೇ ಎಂದು ಜಗಲಿಯ ಹಿರಿಯರಲ್ಲಿ ಚರ್ಚೆ ನಡೆಯಿತು. ‘ಬೇಡ, ಎದೆ ಒಡೆದೀತು’ ಎಂದರು ಕೆಲವರು. ಅಮ್ಮ ನಡುಬಾಗಿಲಲ್ಲಿ ನಿಂತು, “ಅವರನ್ನೇ ಕೇಳಿದರೆ ಆಗದೆ?” ಎಂದಳು. ಕೇಳಲು ಹೋದವನು ನಾನು. ಅಜ್ಜಿಯ ಮಾತನ್ನು ಬರಹದ ಕನ್ನಡಕ್ಕೆ ತಿರುಗಿಸಿ ಹೇಳುವುದಾದರೆ ಇಷ್ಟು: “ಅವನು ಅರ್ಥ ಹೇಳಿದ್ದನ್ನು ನಾನು ಒಂದು ದಿನವೂ ಕೂತು ಕೇಳಿದವಳಲ್ಲ, ಮಾಣಿ. ಬೇರೆ ಊರಲ್ಲಾದರೆ ನಮ್ಮನ್ನು ಕರಕೊಂಡು ಹೋಗುವವರಾರು? ನಮ್ಮ ಜಗಲಿಯಲ್ಲಾದರೆ ಬಂದವರಿಗೆಲ್ಲ ಕಾಫಿ ಮಾಡುವವರಾರು?”

ನಾನು ಸುಮ್ಮನೆ ಎದ್ದು ಬಂದೆ. ಅಮ್ಮನನ್ನು ಕೇಳಿದರೆ ಅವಳದೂ ಅದೇ ಕಥೆ. ಗಂಡನ ಮಾತನ್ನು ಅವಳು ಕೇಳಿದ್ದು ಅಡಿಗೆಮನೆಯ ಗೋಡೆಯ ಮೂಲಕ, ಒಗ್ಗರಣೆಯ ಸದ್ದಿನ ನಡುನಡುವೆ, ತುಂಡುತುಂಡಾಗಿ. ನಲವತ್ತು ಮಳೆಗಾಲ ಊರೂರಿನ ಗಂಡಸರೆಲ್ಲ ಕೇಳಿ ತಲೆದೂಗಿದ ಮಾತನ್ನು ಅವರ ತಾಯಿಯೂ ಹೆಂಡತಿಯೂ ಕೇಳಿಲ್ಲವೆಂಬುದು ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಅಂದು ತಿಳಿಯಿತು.

ವಿ.ಎಲ್.ಸಿ.ಯ ಕೊಡುವ ಗುಣ ನೆನಪಾದದ್ದು ಆಗ. ಕಾಲೇಜಿನಲ್ಲಿ ಹಿಂದೊಮ್ಮೆ ಸಭಾಂಗಣದಲ್ಲಿ ಹಿಡಿಸದ ಹುಡುಗರಿಗೆ ಪಕ್ಕದ ಎರಡು ತರಗತಿಗಳಲ್ಲಿ ಉಪನ್ಯಾಸದ ವೀಡಿಯೋ ತೋರಿಸಲು ಗಣಕ ವಿಭಾಗದ ಗೆಳೆಯರೊಬ್ಬರು ಇದನ್ನು ಪ್ರಯೋಗಿಸಿದ್ದರು. ನಾನು ಪಕ್ಕದಲ್ಲಿ ಕುಳಿತು ನೋಡಿದ್ದೆ.

ಇಷ್ಟು ರಗಳೆ ಏಕೆ, ಆ ವೀಡಿಯೋವನ್ನು ಎಲ್ಲರ ಫೋನಿಗೂ ನಕಲು ಮಾಡಿ ಕೊಟ್ಟರಾಗದೆ ಎಂದು ಭಾವನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಕಡತದ ಗಾತ್ರ ಆರು ಗಿಗಾಬೈಟು. ಎಲ್ಲರ ಫೋನುಗಳೂ ಮೊಮ್ಮಕ್ಕಳ ಚಿತ್ರಗಳಿಂದಲೂ ಶುಭೋದಯದ ಹೂಗಳಿಂದಲೂ ಕಂಠಮಟ್ಟ ತುಂಬಿದ್ದವು. ಇನ್ನೊಂದು ಕಾರಣವೂ ಉಂಟು. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ತಮಗೆ ಬೇಕಾದಲ್ಲಿ ಓಡಿಸಿ, ಬೇಡವಾದಲ್ಲಿ ನಿಲ್ಲಿಸಿ ನೋಡುವುದಾದರೆ ಅದು ತಾಳಮದ್ದಲೆಯಲ್ಲ. ವಿ.ಎಲ್.ಸಿ. ಹರಿಸುವ ಚಿತ್ರ ಪುಸ್ತಕ ಭಂಡಾರದಂತಲ್ಲ, ಆಟದಂತೆ. ತಡವಾಗಿ ಬಂದವನಿಗೆ ನಡುವಿನಿಂದಲೇ ಆರಂಭ. ಕೇಳುವವನು ಹಿಂದಕ್ಕೆ ತಿರುಗಿಸುವಂತಿಲ್ಲ. ಮೂಲದಲ್ಲಿ ಏನು ನಡೆಯುತ್ತಿದೆಯೋ ಅದೇ ಎಲ್ಲರಿಗೂ. ಅಪ್ಪಯ್ಯ ಒಪ್ಪುತ್ತಿದ್ದ ಪದ್ಧತಿ ಇದು.

ಮಧ್ಯಾಹ್ನದ ಹೊತ್ತಿಗೆ ಎಲ್ಲಿಯೋ ಮರ ಬಿದ್ದು ಇಂಟರ್ನೆಟ್ಟಿನ ತಂತಿ ಹರಿಯಿತು. ‘ಇನ್ನೇನು ಮಾಡುತ್ತೀ?’ ಎಂದು ಹಲವರು ನನ್ನ ಮುಖ ನೋಡಿದರು. ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಏಕೆಂದರೆ ಬಹುಮಂದಿ ವೈ-ಫೈ ಮತ್ತು ಇಂಟರ್ನೆಟ್ಟು ಒಂದೇ ಎಂದು ತಿಳಿದಿದ್ದಾರೆ. ನಮ್ಮ ಕಡೆ ಗುಡ್ಡದ ಮೇಲಿನ ಅಬ್ಬಿಯಿಂದ ಅಡಕೆ ಮರದ ದಂಬೆಯ ಮೂಲಕ ನೀರು ತಂದು ಹಿತ್ತಿಲ ಕಲ್ಲುಬಾನಿಗೆ ಬೀಳಿಸುತ್ತಿದ್ದರು. ಅಬ್ಬಿ ಬತ್ತಿದರೂ ಬಾನಿಯಲ್ಲಿದ್ದ ನೀರನ್ನು ಬಚ್ಚಲಿಗೂ ಕೊಟ್ಟಿಗೆಗೂ ಹರಿಸಲು ಅಡ್ಡಿಯೇನು? ರೌಟರೆಂಬ ಪೆಟ್ಟಿಗೆ ಹೊರಗಿನಿಂದ ಬಂದದ್ದನ್ನು ಒಳಗೆ ಹಂಚುವುದರ ಜೊತೆಗೆ, ಮನೆಯೊಳಗಿನ ಯಂತ್ರಗಳನ್ನು ಒಂದಕ್ಕೊಂದು ಕೂಡಿಸುತ್ತದೆ. ಹೊರಗಿನ ತಂತಿ ಹರಿದರೂ ಈ ಎರಡನೆಯ ಕೆಲಸಕ್ಕೆ ಬಾಧೆಯಿಲ್ಲ. ಅದಕ್ಕೆ ಬೇಕಾದದ್ದು ವಿದ್ಯುತ್ತು ಮಾತ್ರ. ಅದನ್ನು ಇನ್ವರ್ಟರು ನೋಡಿಕೊಳ್ಳುತ್ತಿತ್ತು.

ಸಮಸ್ಯೆಯಿದ್ದುದು ವಿ.ಎಲ್.ಸಿ. ಎಲ್ಲರಲ್ಲೂ ಇರಲಿಲ್ಲವೆಂಬುದರಲ್ಲಿ. ಆ ವರ್ಷ ಇನ್ನೊಂದು ವಿಚಿತ್ರವೂ ಇತ್ತು. 2022ರ ಫೆಬ್ರವರಿಯಿಂದ ನವೆಂಬರಿನವರೆಗೆ ಅದರ ಜಾಲತಾಣ ಭಾರತದ ಬಹುಭಾಗದಲ್ಲಿ ತೆರೆಯುತ್ತಲೇ ಇರಲಿಲ್ಲ; ತಡೆ ಹಾಕಿದ್ದರು. ಕಾರಣ ಹೇಳಿರಲಿಲ್ಲ. ಕರ್ತೃಗಳು ಅಕ್ಟೋಬರಿನಲ್ಲಿ ನೋಟೀಸು ಕೊಟ್ಟ ಮೇಲೆ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಕಾಸು ಕೇಳದ, ಜಾಹೀರಾತು ತೋರಿಸದ ಒಂದು ತಂತ್ರಾಂಶಕ್ಕೆ ಈ ವನವಾಸವೇಕೆ ಬಂತೋ! ಅದಿರಲಿ. ಅಕ್ಕನ ಮಗ ತನ್ನ ಫೋನಿನಲ್ಲಿದ್ದುದನ್ನೇ ಇಲ್ಲದವರ ಫೋನುಗಳಿಗೆ, ನೆರೆಮನೆಗೆ ಹೆಪ್ಪು ಕೊಡುವಂತೆ, ಒಂದೊಂದಾಗಿ ದಾಟಿಸಿದ. ಹಾಗೆ ಕೊಡುವ ಹಕ್ಕನ್ನು ಅದರ ಪರವಾನಗಿಯೇ ಕೊಟ್ಟಿದೆ.

ಜಗಲಿಯ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲೇ ರೌಟರು, ಎರಡರ ನಡುವೆ ತಂತಿ. ಲ್ಯಾಪ್‌ಟಾಪಿಗೆ ತಂತಿ ಹಾಕುವುದು ಮುಖ್ಯ. ಅದನ್ನೂ ವೈ-ಫೈಗೇ ಬಿಟ್ಟರೆ ಒಂದೇ ಚಿತ್ರ ಗಾಳಿಯಲ್ಲಿ ಎರಡು ಸಲ ಹಾಯಬೇಕಾಗುತ್ತದೆ. ಒಮ್ಮೆ ರೌಟರಿಗೆ, ಇನ್ನೊಮ್ಮೆ ಅಲ್ಲಿಂದ ಫೋನಿಗೆ. ವಿ.ಎಲ್.ಸಿ.ಯ ‘ಮೀಡಿಯಾ’ ಪಟ್ಟಿಯಲ್ಲಿ ‘ಸ್ಟ್ರೀಮ್’ ಎಂಬುದನ್ನು ಒತ್ತಿ, ಕಡತವನ್ನು ಆರಿಸಿ, ತಲುಪಿಸುವ ದಾರಿಯಾಗಿ ‘ಎಚ್.ಟಿ.ಟಿ.ಪಿ.’ಯನ್ನು ಸೇರಿಸಿದರೆ ಅದು 8080 ಎಂಬ ಬಾಗಿಲ ಸಂಖ್ಯೆಯನ್ನು ತಾನೇ ಸೂಚಿಸುತ್ತದೆ. ಪಡೆಯುವವರು ‘ಓಪನ್ ನೆಟ್‌ವರ್ಕ್ ಸ್ಟ್ರೀಮ್’ ಎಂಬಲ್ಲಿ ಲ್ಯಾಪ್‌ಟಾಪಿನ ವಿಳಾಸವನ್ನೂ ಬಾಗಿಲ ಸಂಖ್ಯೆಯನ್ನೂ ಬರೆಯಬೇಕು. ವಿಳಾಸವೆಂದರೆ 192.168 ಎಂದು ಮೊದಲಾಗುವ ನಾಲ್ಕು ತುಂಡಿನ ಸಂಖ್ಯೆ. ಇದು ಮನೆಯೊಳಗಷ್ಟೇ ನಡೆಯುವ ಹೆಸರು, ಹೊರಗೆ ಇದಕ್ಕೆ ಬೆಲೆಯಿಲ್ಲ. ಮನೆಯಲ್ಲಿ ‘ಕುಟ್ಟಿ’ ಎಂದು ಕರೆಸಿಕೊಳ್ಳುವವನನ್ನು ಕಚೇರಿಯಲ್ಲಿ ಆ ಹೆಸರಿನಿಂದ ಯಾರು ಗುರುತಿಸುತ್ತಾರೆ?

ಎಲ್ಲ ಬರೆದಾಯಿತು, ಯಾರಲ್ಲೂ ಏನೂ ಕಾಣಲಿಲ್ಲ. ‘ಎಂ.ಆರ್.ಎಲ್. ತೆರೆಯಲಾಗಲಿಲ್ಲ’ ಎಂಬ ಒಂದೇ ಉತ್ತರ ಎಲ್ಲ ಫೋನುಗಳಲ್ಲೂ. ಈ ಎಂ.ಆರ್.ಎಲ್. ಎಂದರೆ ನಾವು ಬರೆದ ವಿಳಾಸವೇ, ಬೇರೇನಲ್ಲ. ‘ನೀವು ಹೇಳಿದ ಮನೆಯ ಬಾಗಿಲು ತೆರೆಯಲಿಲ್ಲ’ ಎಂದು ಅಂಚೆಯವನು ಪತ್ರ ಹಿಂದಕ್ಕೆ ತಂದಂತೆ. ಬಾಗಿಲು ಏಕೆ ತೆರೆಯಲಿಲ್ಲವೆಂದು ಅವನು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು; ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು, ಹರಿಸುತ್ತಿರುವ ಯಂತ್ರದಲ್ಲಿಯೇ ಇನ್ನೊಂದು ವಿ.ಎಲ್.ಸಿ. ತೆರೆದು 127.0.0.1 ಎಂಬ ವಿಳಾಸ ಕೊಟ್ಟು ನೋಡಬೇಕು. ಅದು ಪ್ರತಿಯೊಂದು ಯಂತ್ರವೂ ತನ್ನನ್ನು ತಾನು ಕರೆದುಕೊಳ್ಳುವ ಹೆಸರು. ಅಲ್ಲಿಯೂ ಕಾಣದಿದ್ದರೆ ದೋಷ ಹರಿಸುವುದರಲ್ಲಿದೆ. ಅಲ್ಲಿ ಕಂಡು ಬೇರೆಡೆ ಕಾಣದಿದ್ದರೆ ದೋಷ ದಾರಿಯಲ್ಲಿದೆ. ಇಷ್ಟು ವಿಂಗಡಿಸಿಕೊಂಡರೆ ಅರ್ಧ ವೈದ್ಯ ಮುಗಿದಂತೆ.

ನಮ್ಮಲ್ಲಿ ಅಲ್ಲಿಯೂ ಕಾಣಲಿಲ್ಲ. ಕಾರಣ ಅಚ್ಚುಕಟ್ಟಾದದ್ದು. ಚಿತ್ರವನ್ನು ಹರಿಸುವ ಮುನ್ನ ಅದನ್ನು ಯಾವ ಪಾತ್ರೆಯಲ್ಲಿ ತುಂಬಬೇಕೆಂದು ತಂತ್ರಾಂಶ ಕೇಳುತ್ತದೆ. ಪಟ್ಟಿಯ ತಲೆಯಲ್ಲಿ ಕುಳಿತದ್ದು ‘ಎಂಪಿ4’. ಎಲ್ಲರಿಗೂ ಪರಿಚಯದ ಹೆಸರು. ಆದರೆ ಅದು ಪುಸ್ತಕದಂಥ ಪಾತ್ರೆ. ಇಡೀ ಕಡತದ ವಿಷಯಸೂಚಿ ಒಂದೆಡೆ ಇರಬೇಕು. ಪುಟಗಳೆಲ್ಲ ಮುಗಿದ ಮೇಲಲ್ಲವೆ ವಿಷಯಸೂಚಿ ಬರೆಯಲಾಗುವುದು? ಇನ್ನೂ ಹರಿಯುತ್ತಿರುವ ಹೊಳೆಗೆ ವಿಷಯಸೂಚಿ ಬರೆಯುವವರಾರು? ಅದೇ ಪಟ್ಟಿಯ ಕೆಳಗೆ ‘ಟಿ.ಎಸ್.’ ಎಂಬುದಿದೆ. ಅದು ಪ್ರಸಾರಕ್ಕೆಂದೇ ಹುಟ್ಟಿದ್ದು. ಚಿತ್ರವನ್ನೂ ಧ್ವನಿಯನ್ನೂ 188 ಬೈಟುಗಳ ಸಣ್ಣಸಣ್ಣ ಪೊಟ್ಟಣ ಕಟ್ಟಿ, ಪ್ರತಿಯೊಂದಕ್ಕೂ ನಾಲ್ಕು ಬೈಟುಗಳ ತಲೆಬರಹ ಬರೆದು ಕಳಿಸುತ್ತದೆ. ಎಲ್ಲಿಂದ ಕೈಹಾಕಿದರೂ ಸ್ವಲ್ಪ ಹೊತ್ತಿನಲ್ಲೇ ತಲೆಬುಡ ತಿಳಿಯುತ್ತದೆ. ಗ್ರಂಥ ಸಂಪಾದನೆಯ ತರಗತಿಯಲ್ಲಿ ನಾವು ಎಣಿಸುತ್ತಿದ್ದ ಓಲೆಗರಿಗಳ ನೆನಪಾಯಿತು. ಕಟ್ಟು ಬಿಚ್ಚಿಹೋಗಿದ್ದರೂ ಗರಿಯ ಅಂಚಿನಲ್ಲಿ ಅಂಕೆಯಿದ್ದರೆ ಕಾವ್ಯವನ್ನು ಮತ್ತೆ ಜೋಡಿಸಬಹುದು. ಟಿ.ಎಸ್. ಆರಿಸಿದೊಡನೆ ಲ್ಯಾಪ್‌ಟಾಪಿನ ಎರಡನೆಯ ಕಿಟಕಿಯಲ್ಲಿ ಭಾಗವತರು ಜಾಗಟೆ ಹಿಡಿದು ಕುಳಿತಿದ್ದರು.

ಆದರೂ ಫೋನುಗಳಲ್ಲಿ ಕತ್ತಲೆಯೇ. ಇನ್ನು ದಾರಿಯ ದೋಷ. ಲ್ಯಾಪ್‌ಟಾಪಿನ ಕಾವಲುಗಾರ, ಅಂದರೆ ಫೈರ್‌ವಾಲು, ಮನೆಯ ಜಾಲವನ್ನು ಸಂತೆಯ ಜಾಲವೆಂದು ಬಗೆದು ಬಾಗಿಲು ಹಾಕಿಕೊಂಡಿತ್ತು. ‘ಇದು ಖಾಸಗಿ ಜಾಲ, ಒಳಗೆ ಬಿಡು’ ಎಂದು ಅದಕ್ಕೆ ತಿಳಿಹೇಳಿದ್ದಾಯಿತು. ಆಗ ಅಕ್ಕನ ಮಗನ ಫೋನಿನಲ್ಲಿ ಚಿತ್ರ ಬಂತು. ಭಾವನವರ ಫೋನಿನಲ್ಲಿ ಬರಲಿಲ್ಲ; ಅವರು ಬಾಗಿಲ ಸಂಖ್ಯೆಯ ಹಿಂದಿನ ಎರಡು ಚುಕ್ಕೆಗಳ ಜಾಗದಲ್ಲಿ ಕನ್ನಡದ ಕೀಲಿಮಣೆಯಿಂದ ವಿಸರ್ಗವನ್ನು ಬರೆದಿದ್ದರು. ನೋಟಕ್ಕೆ ಎರಡೂ ಒಂದೇ! ಕನ್ನಡ ಮೇಷ್ಟರ ಭಾವನಿಗೆ ಇದು ಒಪ್ಪುವ ತಪ್ಪೆಂದು ಅಕ್ಕ ನಕ್ಕಳು.

ಅತ್ತೆಯ ಕಡೆಯವರ ಫೋನುಗಳಲ್ಲಿ ಮಾತ್ರ ಏನು ಮಾಡಿದರೂ ಬಾರದು. ಅದರ ಗುಟ್ಟು ತಿಳಿದಾಗ ಎಲ್ಲರಿಗೂ ನಗು ಬಂತು. ನಮ್ಮ ರೌಟರಿನಲ್ಲಿ ಎರಡು ಹೆಸರಿನ ವೈ-ಫೈ ಇದ್ದವು: ಒಂದು ಮನೆಯವರದು, ಇನ್ನೊಂದು ಅತಿಥಿಗಳದು. ಬಂದ ನೆಂಟರಿಗೆಲ್ಲ ಅತಿಥಿ ವೈ-ಫೈಯ ಗುಪ್ತಪದ ಕೊಡುವುದು ವಾಡಿಕೆ. ಅತಿಥಿ ಜಾಲಕ್ಕೆ ಸೇರಿದವರು ಹೊರಗಿನ ಪ್ರಪಂಚವನ್ನು ಕಾಣಬಲ್ಲರು. ಆದರೆ ಮನೆಯೊಳಗಿನ ಬೇರೆ ಯಂತ್ರಗಳನ್ನಾಗಲಿ ಒಬ್ಬರನ್ನೊಬ್ಬರನ್ನಾಗಲಿ ಕಾಣಲಾರರು. ರಕ್ಷಣೆಗಾಗಿ ಮಾಡಿದ ಏರ್ಪಾಡು. ಹಾಸ್ಟೆಲುಗಳಲ್ಲಿ, ಕಾಲೇಜುಗಳಲ್ಲಿ ವಿ.ಎಲ್.ಸಿ. ಹರಿಯದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ. “ಈ ಮನೆಯಲ್ಲಿ ಹುಟ್ಟಿದವಳು ನಾನು, ನನ್ನನ್ನು ಅತಿಥಿ ಮಾಡಿದಿರಾ?” ಎಂದು ದೊಡ್ಡತ್ತೆ ಸೌಟು ಹಿಡಿದುಕೊಂಡೇ ಬಂದರು. ಆ ಸಂಜೆಯಿಂದ ಅತಿಥಿ ಜಾಲವನ್ನು ತೆಗೆದುಹಾಕಲಾಗಿದೆ.

ಇನ್ನು ಉಳಿದದ್ದು ಲೆಕ್ಕ. ಆರು ಗಿಗಾಬೈಟನ್ನು ಮೂರು ಗಂಟೆ ಹತ್ತು ನಿಮಿಷಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು ನಾಲ್ಕು ಮೆಗಾಬಿಟ್. ಪಡೆಯುವ ಪರದೆಗಳು ಏಳು. ಎಚ್.ಟಿ.ಟಿ.ಪಿ.ಯಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆ ಪ್ರತಿ ಹೋಗಬೇಕಾದ್ದರಿಂದ ಒಟ್ಟು ಇಪ್ಪತ್ತೆಂಟು. ಒಂದೇ ಪ್ರತಿಯನ್ನು ಎಲ್ಲರೂ ಹಂಚಿಕೊಳ್ಳುವ ‘ಮಲ್ಟಿಕಾಸ್ಟ್’ ಎಂಬ ವಿಧಾನವೂ ಉಂಟು, ಪ್ಯಾರಿಸಿನ ಹುಡುಗರದು ಅದೇ ಹಾದಿ. ತಂತಿಯ ಜಾಲದಲ್ಲಿ ಅದು ಸೊಗಸು, ಮನೆಯ ವೈ-ಫೈಯಲ್ಲಿ ಅದರ ಸಹವಾಸ ಬೇಡ. ನಮ್ಮ ಹಳೆಯ ರೌಟರಿಗೆ, ಒಂದೂವರೆ ಅಡಿ ಮಣ್ಣಿನ ಗೋಡೆ ದಾಟಿ ಇಪ್ಪತ್ತೆಂಟು ಹೊರುವ ಶಕ್ತಿ ಎಲ್ಲಿಯದು? ನಡುಮನೆಯಲ್ಲಿ ಚೆನ್ನಾಗಿ ಕಂಡದ್ದು ಅಡಿಗೆಮನೆಯಲ್ಲಿ ಚೌಕಚೌಕವಾಗಿ ಒಡೆಯುತ್ತಿತ್ತು. ಆದ್ದರಿಂದ ಹರಿಸುವಾಗಲೇ ಚಿತ್ರವನ್ನು ಕುಗ್ಗಿಸಿ ಸೆಕೆಂಡಿಗೆ ಒಂದು ಮೆಗಾಬಿಟ್ಟಿಗೆ ಇಳಿಸಿದೆ. ಚಿಕ್ಕಪ್ಪನಿಗೆ ಇದು ಸರಿಬರಲಿಲ್ಲ. “ಭಾಗವತರ ಮುಖವೇ ಮಸುಕಾಯಿತಲ್ಲ ಮಾರಾಯ! ಅಡಿಗೆಮನೆಯವರಿಗಾಗಿ ಜಗಲಿಯವರು ಕಣ್ಣು ಕಿರಿದು ಮಾಡಿಕೊಂಡು ನೋಡಬೇಕೇನು?” ಎಂದರು. ಹೌದು, ಮಾಡಿಕೊಳ್ಳಬೇಕು ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಕವಳದ ತಬಕನ್ನು ಹತ್ತಿರಕ್ಕೆ ಎಳೆದುಕೊಂಡರು.

ಎಲ್ಲಕ್ಕಿಂತ ದೂರದ್ದು ಅಜ್ಜಿಯ ಕೋಣೆ. ಒಂದು ಮೆಗಾಬಿಟ್ಟೂ ಅಲ್ಲಿಗೆ ಸರಿಯಾಗಿ ತಲುಪದು. ಆದರೆ ಅಜ್ಜಿಗೆ ಚಿತ್ರವೇಕೆ? ಇನ್ನೊಂದು ವಿ.ಎಲ್.ಸಿ. ತೆರೆದು, 8081ನೆಯ ಬಾಗಿಲಿನಲ್ಲಿ ಬರಿಯ ಧ್ವನಿಯನ್ನು ಹರಿಸುವ ಏರ್ಪಾಡಾಯಿತು. ಅದಕ್ಕೆ ಬೇಕಾದುದು ಚಿತ್ರದ ಎಂಟನೆಯ ಒಂದು ಪಾಲು. ಅದರ ಮೇಲೆ ‘ಕ್ಯಾಶಿಂಗ್’ ಎಂಬುದನ್ನೂ ಹೆಚ್ಚಿಸಿದೆ. ಹಿಂದೆ ಹೇಳಿದ ಕಲ್ಲುಬಾನಿಯೇ ಇದು. ದಂಬೆಯಲ್ಲಿ ನೀರು ಒಮ್ಮೆ ಧಾರೆಯಾಗಿ, ಒಮ್ಮೆ ಹನಿಯಾಗಿ ಬಂದರೂ ಬಾನಿ ತುಂಬಿದ್ದರೆ ತೂಬಿನಿಂದ ಹೊರಡುವ ನೀರಿಗೆ ಏರಿಳಿತವಿಲ್ಲ. ಅಜ್ಜಿಯ ಫೋನಿನಲ್ಲಿ ಆ ಅಂಕೆಯನ್ನು 5000 ಮಿಲಿಸೆಕೆಂಡಿಗೆ, ಅಂದರೆ ಐದು ಸೆಕೆಂಡಿಗೆ ಏರಿಸಿದೆ, ಅಡಿಗೆಮನೆಯದಕ್ಕೆ ಮೂರು. ಬಾನಿ ದೊಡ್ಡದಾದಷ್ಟೂ ಹರಿವು ಸರಾಗ. ಆದರೆ ತುಂಬುವವರೆಗೆ ಕಾಯಬೇಕಾದ್ದರಿಂದ ಅಷ್ಟಷ್ಟೂ ತಡ.

ಸಂಜೆ ಏಳಕ್ಕೆ ಸಂಧಾನ ಆರಂಭವಾಯಿತು. ಆ ತಡದ ಪರಿಣಾಮ ಏನಾದೀತೆಂದು ಯಾರೂ ಯೋಚಿಸಿರಲಿಲ್ಲ. ಕೃಷ್ಣ ಅರಮನೆಗಳನ್ನೆಲ್ಲ ಬಿಟ್ಟು ವಿದುರನ ಮನೆಗೆ ಬರುತ್ತಾನೆ. ಸಂಭ್ರಮದಲ್ಲಿ ಕೈಕಾಲಾಡದೆ ಹೋದ ವಿದುರ ಏನೋ ಒಂದು ಮಾತಾಡುತ್ತಾನೆ. ನಡುಮನೆ ಘೊಳ್ಳೆಂದು ನಕ್ಕಿತು. ಆ ನಗು ಅಡಗಿ ಎರಡು ಸೆಕೆಂಡಿಗೆ ಅಡಿಗೆಮನೆಯಿಂದ ಬಳೆಗಳ ಸದ್ದಿನೊಡನೆ ಹೆಂಗಸರ ನಗು. ಅದೂ ಅಡಗಿದ ಮೇಲೆ ಒಳಕೋಣೆಯಿಂದ ಕೆಮ್ಮಿನೊಡನೆ ಬೆರೆತ ಅಜ್ಜಿಯ ನಗು. ಅಪ್ಪಯ್ಯನ ಒಂದು ಮಾತಿಗೆ ಮನೆ ಮೂರು ಸಲ ನಕ್ಕಿತು. ಮೊದಮೊದಲು ಇದು ತೊಡಕೆನಿಸಿ, ಎಲ್ಲ ಅಂಕೆಗಳನ್ನೂ ಸಮ ಮಾಡಲೇ ಎಂದು ಅಕ್ಕನ ಮಗ ಕೇಳಿದ. ಇರಲಿ ಎಂದರು ಚಿಕ್ಕಪ್ಪ. ಆಮೇಲೆ ನಗುವ ಮಾತು ಬಂದಾಗಲೆಲ್ಲ ಜಗಲಿಯವರು ತಾವು ನಕ್ಕು ಮುಗಿಸಿ, ಒಳಗಿನ ನಗುವಿಗಾಗಿ ಕಿವಿಗೊಟ್ಟು ಕಾಯತೊಡಗಿದರು.

ಕೌರವನ ಸಭೆಯಲ್ಲಿ ವಿದುರನನ್ನು ದಾಸೀಪುತ್ರನೆಂದು ಹಳಿಯುವ ಭಾಗ ಬಂತು. ವಿದುರ ಸಿಟ್ಟಿನಿಂದ ಬಿಲ್ಲನ್ನು ಮುರಿಯುವ ಪದವನ್ನು ಭಾಗವತರು ಎತ್ತಿಕೊಂಡರು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಇನ್ವರ್ಟರು ಕೈಗೆತ್ತಿಕೊಳ್ಳುವಷ್ಟರಲ್ಲಿ ರೌಟರು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಿತು. ಅದು ಎಚ್ಚತ್ತು, ಎಲ್ಲರೂ ವಿಳಾಸವನ್ನು ಮತ್ತೆ ಬರೆದು ಸೇರಿಕೊಳ್ಳಲು ನಾಲ್ಕೈದು ನಿಮಿಷ ಹಿಡಿಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿಯ ಬಲವಿದ್ದುದರಿಂದ ಅದು ಯಾರಿಗೂ ಕಾಯದೆ ತನ್ನಷ್ಟಕ್ಕೆ ಹರಿಸುತ್ತಲೇ ಇತ್ತು. ಹಿಂದಕ್ಕೆ ತಿರುಗಿಸೋಣವೇ ಎಂದು ಕೇಳಿದೆ. ಎಲೆ ಹಾಕುವ ಹೊತ್ತಾಗುತ್ತ ಬಂದಿತ್ತು. ‘ಮುಂದೆ ಹೋಗಲಿ, ಕಥೆ ಗೊತ್ತಿದ್ದದ್ದೇ ತಾನೆ’ ಎಂದರು ಹಿರಿಯರು. ಸಂಧಾನ ಮುರಿದು, ಮಂಗಳ ಹಾಡಿ, ಊಟಕ್ಕೆ ಎದ್ದಾಗ ಹತ್ತೂಕಾಲು.

ಮಲಗುವ ಮೊದಲು ಅಜ್ಜಿಯ ಕೋಣೆಗೆ ಹೋದೆ. ಅತ್ತಿರಬಹುದೆಂದು ಹೆದರಿದ್ದೆ. ಅಳುವಿನ ಸುಳಿವಿರಲಿಲ್ಲ, ಬದಲಾಗಿ ಅವಳಿಗೊಂದು ತಕರಾರಿತ್ತು. “ಬಿಲ್ಲು ಮುರಿದ ಮೇಲೆ ಅವನು ಎಂತ ಹೇಳಿದ? ಅದು ಬರಲೇ ಇಲ್ಲ” ಎಂದಳು. ನಾನು ಹೇಳಹೊರಟೆ. “ನೀನು ಹೇಳುವುದು ಬೇಡ” ಎಂದಳು.

ಮರುದಿನ ಬೆಳಿಗ್ಗೆ, ನೆಂಟರು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಹೋಗಿ ಅವಳ ದಿಂಬಿನ ಪಕ್ಕದಲ್ಲಿಟ್ಟೆ. ಎದುರಿಗೇ ಇರುವವರಿಗೆ ಜಾಲವೇಕೆ, ಬಾಗಿಲ ಸಂಖ್ಯೆಯೇಕೆ? ಅಮ್ಮನೂ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ಕುಳಿತಳು. ಒಂದು ಗಂಟೆ ಐವತ್ತೆರಡನೆಯ ನಿಮಿಷದಿಂದ ಹಚ್ಚಿದೆ. ಬಿಲ್ಲು ಮುರಿದ ವಿದುರ ಕೌರವನಿಗೆ ಉತ್ತರ ಕೊಡುತ್ತಾನೆ. ಆದರೆ ಅಪ್ಪಯ್ಯ ಅಲ್ಲಿ ಕೌರವನನ್ನು ಬಿಟ್ಟು, ಮೂರು ನಾಲ್ಕು ನಿಮಿಷ ವಿದುರನ ತಾಯಿಯ ಮಾತನ್ನೇ ಆಡಿದ್ದರು. ಅರಮನೆಯ ಒಳಮನೆಯಲ್ಲಿ ಹಗಲಿರುಳು ದುಡಿದವಳು. ಸಭೆಯಲ್ಲಿ ಯಾರು ಏನಾಡಿದರೆಂದು ಕೇಳುವ ಬಿಡುವು ಒಂದು ದಿನವೂ ಸಿಗದವಳು. ಅವಳ ಕೈಯಡಿಗೆಯನ್ನು ಉಂಡವರೇ ಇಂದು ಅವಳ ಹೆಸರನ್ನು ಬೈಗುಳವಾಗಿ ಬಳಸುತ್ತಿದ್ದೀರಿ ಎಂದು.

ಅಜ್ಜಿ ಕೊನೆಯವರೆಗೂ ಕೇಳಿದಳು. ಆಮೇಲೆ ಮದ್ದಲೆ ಯಾರದೆಂದು ಕೇಳಿದಳು. ಹೇಳಿದೆ. ಅವರ ಅಪ್ಪನೂ ಒಳ್ಳೆಯ ಮದ್ದಲೆಗಾರ, ನಮ್ಮ ಮನೆಯ ಕಾಫಿಯೆಂದರೆ ಅವನಿಗೆ ಬಹಳ ಇಷ್ಟವಿತ್ತು ಎಂದಳು.